ಮಕ್ಕಳಿಲ್ಲದ ವಸತಿ ಶಾಲೆಯ ಸಂಜೆ ಹಾಜರಿ

ಮಂಡ್ಯ ಜಿಲ್ಲೆಯ ಸರ್ಕಾರಿ ವಸತಿ ಶಾಲೆಯೊಂದರಲ್ಲಿ ನಾನು ನಿಲಯಪಾಲಕ. ಆರರಿಂದ ಹತ್ತನೆಯ ತರಗತಿವರೆಗಿನ ಮಕ್ಕಳು ಇಲ್ಲಿದ್ದಾರೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಶಾಲೆ ಮುಚ್ಚಬೇಕಾದಾಗ ಮೊದಲು ಚಿಕ್ಕವರನ್ನು ಮನೆಗೆ ಕಳುಹಿಸಿದೆವು. 27ರಂದು ಶುರುವಾಗಬೇಕಿದ್ದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಂದಕ್ಕೆ ಹೋದದ್ದೇ ಹತ್ತನೆಯವರೂ ಹೊರಟರು. ಹದಿನೈದು ದಿನದ ಮಾತು ಎಂದುಕೊಂಡು ಹೆಚ್ಚಿನವರು ಟ್ರಂಕನ್ನೂ ಪುಸ್ತಕವನ್ನೂ ಇಲ್ಲೇ ಬಿಟ್ಟಿದ್ದರು.

ರಾತ್ರಿ ಊಟಕ್ಕೆ ಮುಂಚೆ ಹಾಜರಿ ಕರೆಯುವುದು ನಮ್ಮಲ್ಲಿ ರೂಢಿ. ಅದನ್ನು ನಿಲ್ಲಿಸದೆ ಫೋನಿನಲ್ಲಿ ಮುಂದುವರಿಸಿದೆವು. ಶಿಕ್ಷಕರು, ಅಡುಗೆಯವರು, ನಾನು ಹೆಸರು ಹಂಚಿಕೊಂಡೆವು. ಅನೇಕ ಮನೆಗಳಲ್ಲಿ ಇದ್ದದ್ದು ಒಂದೇ ಫೋನು. ಅದು ಅಪ್ಪನ ಜೇಬಿನಲ್ಲಿ, ಅಪ್ಪ ಗದ್ದೆಯಲ್ಲಿ. ಹಾಗಾಗಿ ಕತ್ತಲಾದ ಮೇಲೆಯೇ ಕರೆ. ಪಾಠದ ಮಾತು ಎತ್ತುತ್ತಿರಲಿಲ್ಲ. ಊಟ ಆಯಿತೇ, ಏನು ಸಾರು, ಇವತ್ತು ಎಲ್ಲಿಗೆ ಹೋಗಿದ್ದೆ, ಇಷ್ಟೇ ಕೇಳುತ್ತಿದ್ದೆವು. ಮೂರನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಮನೆಯ ಸ್ಥಿತಿಯೆಲ್ಲ ತಿಳಿಯುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ಸಂಜೆ, "ಆಲೆಮನೆಗೆ ಸಾರ್, ಒಲೆಗೆ ಸಿಪ್ಪೆ ಹಾಕುವುದಕ್ಕೆ" ಎಂದ. ಬೆಲ್ಲದ ಕೊಪ್ಪರಿಗೆಯ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆಯನ್ನು ಒಂದೇ ಸಮನೆ ತಳ್ಳುತ್ತಿರಬೇಕು. ದೊಡ್ಡವರಿಗೇ ಆ ಉರಿ ತಡೆಯುವುದಿಲ್ಲ. ಅವನ ಗಂಟಲು ಹೊಗೆಯಿಂದ ಕಟ್ಟಿಹೋಗಿತ್ತು.

ಮಕ್ಕಳು ನನಗೆ ಹೇಳದ್ದನ್ನು ಅಡುಗೆಯ ಅಕ್ಕನಿಗೆ ಹೇಳುತ್ತಿದ್ದರು. ಹುಡುಗಿಯೊಬ್ಬಳು, ತನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರೆಂದು ಹೇಳಿದ್ದು ಅಕ್ಕನಿಗೇ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿದೆವು, ಆ ಊರಿನ ಅಂಗನವಾಡಿ ಕಾರ್ಯಕರ್ತೆಯೂ ಮನೆಗೆ ಹೋಗಿ ಕೂತು ಮಾತನಾಡಿದರು. ಮದುವೆಯ ಮಾತು ಅಲ್ಲಿಗೇ ನಿಂತಿತು. ಇಷ್ಟು ಮಾಡಿದ ಅಡುಗೆಯವರಿಗೆ ಹೊರಗುತ್ತಿಗೆ ಸಂಬಳ ತಿಂಗಳುಗಟ್ಟಲೆ ಬರಲಿಲ್ಲ ಎನ್ನುವುದನ್ನೂ ಬರೆದಿಡಬೇಕು.

ಹತ್ತನೆಯವರ ಪುಸ್ತಕ ತಲುಪಿಸುವುದು ಬೇರೆಯದೇ ತಲೆನೋವು. ಬಸ್ಸುಗಳಿಲ್ಲ. ಆದರೆ ಹಾಲಿನ ವಾಹನ ಒಂದು ದಿನವೂ ತಪ್ಪಲಿಲ್ಲ; ನಮ್ಮ ಜಿಲ್ಲೆಯಲ್ಲಿ ಡೈರಿ ಇಲ್ಲದ ಊರನ್ನು ಹುಡುಕಬೇಕು. ಪುಸ್ತಕಗಳನ್ನು ಗೊಬ್ಬರದ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಮಗುವಿನ ಹೆಸರು, ಊರು, ಡೈರಿ ಕಾರ್ಯದರ್ಶಿಯ ಹೆಸರು ಬರೆದು ಚಾಲಕರ ಕೈಗೆ ಕೊಟ್ಟೆವು. ಮಕ್ಕಳು ಬೆಳಗ್ಗೆ ಹಾಲು ಹಾಕಲು ಹೋದಾಗ ಚೀಲ ತಂದುಕೊಂಡರು. ಜೂನ್ 25ರಿಂದ ಪರೀಕ್ಷೆ ನಡೆದಾಗ ಮನೆಗೆ ಹತ್ತಿರದ ಕೇಂದ್ರದಲ್ಲೇ ಬರೆಯಲು ಅವಕಾಶ ಸಿಕ್ಕಿದ್ದು ದೊಡ್ಡ ಉಪಕಾರವಾಯಿತು.

ಅಷ್ಟರೊಳಗೆ, ಮೇ ತಿಂಗಳಲ್ಲಿ, ಮುಂಬೈಯಿಂದ ಮರಳಿದವರ ಕ್ವಾರಂಟೈನ್‌ಗೆ ನಮ್ಮ ಕಟ್ಟಡವನ್ನೂ ತೆಗೆದುಕೊಂಡಿದ್ದರು. ಟ್ರಂಕುಗಳನ್ನೆಲ್ಲ ವಿಜ್ಞಾನದ ಕೊಠಡಿಗೆ ಸಾಗಿಸಿ ಬೀಗ ಹಾಕಿದೆವು. ಬಂದವರು ಹೊರಗಿನವರೇನಲ್ಲ, ಕೆ.ಆರ್. ಪೇಟೆ, ನಾಗಮಂಗಲ ಕಡೆಯವರೇ. ಆದರೂ ಊರಿನ ಕೆಲವರು ಗೇಟಿನ ಮುಂದೆ ನಿಂತು ಕೂಗಾಡಿದರು. ಊಟವನ್ನು ಬಾಗಿಲ ಬಳಿಯ ಬೆಂಚಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆವು. ಮುಂಬೈಯಲ್ಲೇ ಹುಟ್ಟಿದ ಮಕ್ಕಳಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಕ್ಕ ಗೊಣಗುತ್ತಲೇ ಅವರಿಗೆಂದು ಬೇರೆ ಚಪಾತಿ ಲಟ್ಟಿಸಿದರು.

ಚಂದನ ವಾಹಿನಿಯ ಪಾಠಗಳು ಚೆನ್ನಾಗಿದ್ದವು, ಕರೆಂಟು ಇದ್ದವರಿಗೆ. ಆನ್‌ಲೈನ್ ತರಗತಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದರ ವರದಿಗಳು ಬೇಕಾದಷ್ಟು ಕಚೇರಿಗೆ ಹೋಗಿವೆ.

2021ರ ಜನವರಿ 1ರಂದು ಹತ್ತನೆಯ ತರಗತಿ ಮತ್ತೆ ಶುರುವಾಯಿತು. ಪೋಷಕರ ಒಪ್ಪಿಗೆ ಪತ್ರ ಹಿಡಿದು ಒಬ್ಬೊಬ್ಬರೇ ಬಂದರು. ಆಲೆಮನೆಯ ಹುಡುಗ ಬರಲಿಲ್ಲ. ವಿಚಾರಿಸಿದರೆ, ಅವನಪ್ಪ ಮಾಲೀಕರಿಂದ ಮುಂಗಡ ಪಡೆದಿದ್ದರು, ಅದು ತೀರುವವರೆಗೆ ಮಗ ಅಲ್ಲೇ. ಶಿಕ್ಷಕರೆಲ್ಲ ಸೇರಿ ಹಣ ಹೊಂದಿಸಿದೆವು. ಗಣಿತದ ಮೇಷ್ಟ್ರು ತಾವೇ ಆಲೆಮನೆಗೆ ಹೋಗಿ ಲೆಕ್ಕ ಚುಕ್ತಾ ಮಾಡಿ, ಚೀಟಿ ಬರೆಸಿಕೊಂಡು, ಬೈಕಿನ ಹಿಂದೆ ಅವನನ್ನು ಕೂರಿಸಿಕೊಂಡು ಬಂದರು.