ಗೆಂಡೆ ಮೀನಿಗೆ ಫ್ಲೈ ಲೈನ್ ಆರಿಸುವುದು ಹೇಗೆ?

ಅಮೆರಿಕದ ಡೆನ್ವರ್ ನಗರದ ನಡುವೆ ಹರಿಯುವ ಸೌತ್ ಪ್ಲ್ಯಾಟ್ ನದಿಯಲ್ಲಿ, ಮೊಣಕಾಲುದ್ದದ ನೀರಿನಲ್ಲಿ ಮೇಯುವ ಸಾಮಾನ್ಯ ಗೆಂಡೆಗೆ ಕೃತಕ ನೊಣವನ್ನು ಬೀಸುವವರು, ಫ್ಲೈ ಲೈನ್, ಅಂದರೆ ನೊಣವನ್ನು ದೂರಕ್ಕೆ ಒಯ್ಯುವ ಭಾರದ ದಾರ, ನೀರಿಗೆ ಅಪ್ಪಳಿಸಿದ ಕೂಡಲೇ ಮೀನು ಚದುರಿಹೋದರೆ ಕೋಲನ್ನು ದೂರುತ್ತಾರೆ. ತಪ್ಪು ಸಾಮಾನ್ಯವಾಗಿ ಲೈನಿನ ಆಯ್ಕೆಯಲ್ಲಿರುತ್ತದೆ.

ಮೊದಲು ಕೋಲಿನ ಮೇಲಿರುವ, ಲೈನಿನ ತೂಕವನ್ನು ಸೂಚಿಸುವ ಸಂಖ್ಯೆಗೆ ಹೊಂದುವ ಲೈನನ್ನು ತೆಗೆದುಕೊಳ್ಳಿ. ಗೆಂಡೆಗೆ 6ರಿಂದ 8 ನಡೆಯುತ್ತದೆ; ನನ್ನ ಮತ 7ಕ್ಕೆ. ಮಾನದಂಡದ ಪ್ರಕಾರ 7ನೇ ಸಂಖ್ಯೆಯ ಲೈನಿನ ಮೊದಲ 30 ಅಡಿ 185 ಗ್ರೇನ್, ಅಂದರೆ ಸುಮಾರು 12 ಗ್ರಾಂ ತೂಗಬೇಕು. ಅದೇ ಸಂಖ್ಯೆ ಹಾಕಿಕೊಂಡು ಅದಕ್ಕಿಂತ ಭಾರವಿರುವ ಲೈನುಗಳೂ ಮಾರಾಟದಲ್ಲಿರುವುದರಿಂದ ಪೆಟ್ಟಿಗೆಯ ಮೇಲಿನ ಗ್ರೇನ್ ಲೆಕ್ಕವನ್ನು ಓದದೆ ಹಣ ಕೊಡಬೇಡಿ.

ಎರಡನೆಯದಾಗಿ, ತೇಲುವ ಲೈನೇ ಇರಲಿ.

ಹೆಚ್ಚಿನವರು ಎಡವುವುದು ಮೂರನೆಯ ಹಂತದಲ್ಲಿ, ಲೈನಿನ ತುದಿ ಎಷ್ಟು ಉದ್ದಕ್ಕೆ ಸಪೂರವಾಗುತ್ತ ಹೋಗುತ್ತದೆ ಎಂಬುದನ್ನು ನೋಡುವಲ್ಲಿ. ಗೆಂಡೆಯ ಜಾತಿಯ ಮೀನುಗಳಲ್ಲಿ ಗಾಳಿಚೀಲವನ್ನು ಒಳಕಿವಿಗೆ ಜೋಡಿಸುವ ಪುಟ್ಟ ಮೂಳೆಗಳ ಸಾಲಿರುವುದರಿಂದ ಅವುಗಳ ಕಿವಿ ಬಹಳ ಚುರುಕು. ದಪ್ಪ ತುದಿಯ ಲೈನ್ ಬೀಸಿನ ಬಲವನ್ನೆಲ್ಲ ಕೊನೆಯವರೆಗೂ ಹೊತ್ತುಕೊಂಡು ಹೋಗಿ ನೀರನ್ನು ಬಡಿದರೆ, ಉದ್ದಕ್ಕೆ ಸಪೂರವಾಗುವ ತುದಿ ಆ ಬಲವನ್ನು ದಾರಿಯಲ್ಲೇ ಕಳೆದುಕೊಂಡು ಮೆಲ್ಲಗೆ ಇಳಿಯುತ್ತದೆ. ಪೆಟ್ಟಿಗೆಯ ಮೇಲೆ ಲೈನಿನ ಚಿತ್ರವಿದ್ದರೆ ತುದಿಯತ್ತ ಸಪೂರವಾಗುವ ಭಾಗದ ಉದ್ದವನ್ನು ನೋಡಿ; 2 ಮೀಟರಿಗಿಂತ ಕಡಿಮೆಯಿದ್ದರೆ ನಾನು ಮುಟ್ಟುವುದಿಲ್ಲ. ಬಾಸ್ ಮೀನಿಗೆಂದು ಮಾಡಿದ ಲೈನುಗಳು ದೊಡ್ಡ ನೊಣಗಳನ್ನು ಒಯ್ಯಲು ತುದಿಯಲ್ಲೇ ಭಾರವಾಗಿರುತ್ತವೆ, ಅವು ಇಲ್ಲಿಗೆ ಸಲ್ಲವು. ಹಾಗೆಂದು ತಲೆಭಾಗ, ಅಂದರೆ ತೂಕವೆಲ್ಲ ಸೇರಿರುವ ಮುಂದಿನ ಭಾಗ, ಅತಿ ಉದ್ದವಿರುವ ಲೈನ್ ಕೊಂಡರೂ ಕಷ್ಟವೇ, ಏಕೆಂದರೆ ಗೆಂಡೆಗೆ ಬೀಸುವ ದೂರ ಹೆಚ್ಚಾಗಿ 8–10 ಮೀಟರ್ ಮಾತ್ರ. ಅಷ್ಟರಲ್ಲಿ ಕೋಲನ್ನು ಬಾಗಿಸುವಷ್ಟು ತೂಕ ಹೊರಗೆ ಬಂದಿರುವುದಿಲ್ಲ. ಸಾಧ್ಯವಾದರೆ ಅಂಗಡಿಯ ಹಿಂದಿನ ಹುಲ್ಲಿನ ಮೇಲೆ ಅಷ್ಟೇ ದೂರಕ್ಕೆ ಬೀಸಿ ನೋಡಿಯೇ ಕೊಳ್ಳಿ. ಇನ್ನು, ನೊಣ ಕಟ್ಟುವ ತೆಳು ದಾರವನ್ನು ಲೈನಿಗೆ ಜೋಡಿಸುವ ಗಂಟು ಹಾಳಾದಾಗಲೆಲ್ಲ ತುದಿಯನ್ನು ಒಂದೊಂದು ಗೇಣು ಕತ್ತರಿಸುವವರು, ತಾವು ಕಾಸು ಕೊಟ್ಟು ಕೊಂಡ ಸಪೂರ ಭಾಗವನ್ನೇ ಎಸೆಯುತ್ತಿದ್ದಾರೆ.

ಬಣ್ಣ ಮಾಸಲು ಹಸಿರಾಗಿದ್ದರೆ ಸಾಕು. ಬಿಸಿಲು ಪ್ರದೇಶಕ್ಕೆಂದು ಮಾಡಿದ ಲೈನ್ ತಣ್ಣೀರಿನಲ್ಲಿ ಸುರುಳಿಗಟ್ಟುತ್ತದೆ, ತಣ್ಣೀರಿನದು ಬೇಸಿಗೆಯಲ್ಲಿ ಮೆತ್ತಗಾಗಿ ಅಂಟುತ್ತದೆ. ನೀವು ಹಿಡಿಯುವ ಋತುವನ್ನು ನೋಡಿ ಆರಿಸಿ. ಕೋಲಿನ ಜೊತೆ ಪುಕ್ಕಟೆಯಾಗಿ ಬರುವ ಲೈನನ್ನು ಗಿಡ ಕಟ್ಟಲು ಇಟ್ಟುಕೊಳ್ಳಿ. ಕೊನೆಗೆ, ಲೈನಿನ ಹಿಂದೆ ರೀಲಿಗೆ ಕನಿಷ್ಠ 90 ಮೀಟರ್ ಬ್ಯಾಕಿಂಗ್ ದಾರವನ್ನು (ಲೈನ್ ಮುಗಿದ ಮೇಲೂ ಬಿಡಲು ಇರುವ ತೆಳು ದಾರ) ಸುತ್ತಿಸಿ, ಏಕೆಂದರೆ ಗಾಳಕ್ಕೆ ಸಿಕ್ಕ ದೊಡ್ಡ ಗೆಂಡೆ 30 ಮೀಟರಿನ ಲೈನನ್ನು ಪೂರ್ತಿ ಎಳೆದುಕೊಂಡು ಹೋಗಬಲ್ಲದು.