ಟೆಕ್ನೋ ಸೆಟ್‌ನಲ್ಲಿ ತಮಟೆ ಕೂತಿದ್ದು ಹೀಗೆ

ನಮ್ಮಮ್ಮನಿಗೆ ಡಿಜೆ ಅಂದರೆ ಗಣಪತಿ ಬಿಡುವ ದಿನ ಟ್ರ್ಯಾಕ್ಟರ್ ಮೇಲೆ ಕಟ್ಟುವ ಸ್ಪೀಕರ್ ರಾಶಿ. ಪ್ರತಿ ವರ್ಷ ಪೊಲೀಸರು "ಈ ಸಲ ಡಿಜೆ ಇಲ್ಲ" ಅಂದ ಕೂಡಲೇ ಮನೆಯಿಂದ ಫೋನ್ ಬರುತ್ತದೆ. "ಏನೋ, ನಿನ್ ಕೆಲಸ ಹೋಯ್ತಾ?" 11 ವರ್ಷದಿಂದ ಬೆಂಗಳೂರಿನಲ್ಲಿ ಹೌಸ್, ಟೆಕ್ನೋ ಅನ್ನುವ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ ಕ್ಲಬ್ಬುಗಳಲ್ಲಿ ಹಾಕುತ್ತಿದ್ದೇನೆ. ಅವರಿಗೆ ಇನ್ನೂ ಅರ್ಥ ಮಾಡಿಸಲು ಆಗಿಲ್ಲ.

ತಮಟೆ ಇಟ್ಟು ಟ್ರ್ಯಾಕ್ ಮಾಡುತ್ತೇನೆ ಅಂದಾಗ ನಮ್ಮ ಹುಡುಗರೂ ಅಮ್ಮನ ಕಡೆಯೇ ಸೇರಿಕೊಂಡರು. "ಕ್ಲಬ್ಬಿಗೆ ಮೆರವಣಿಗೆ ತರ್ತೀಯಾ?" ಅಂತ ನಕ್ಕರು. ಇನ್ನೊಬ್ಬರು ಗಿಮಿಕ್ ಅಂದರು. ಬಾಂಬೆಯ ಚರಣ್‌ಜಿತ್ ಸಿಂಗ್ 1982ರಲ್ಲೇ ಟಿಆರ್-808 ಡ್ರಮ್ ಮಷಿನ್, ಟಿಬಿ-303 ಬೇಸ್ ಸಿಂಥಸೈಜರ್ ಮುಂದಿಟ್ಟುಕೊಂಡು ರಾಗ ನುಡಿಸಿದ್ದರು. ಆಗ ಯಾರೂ ಕಿವಿ ಕೊಡಲಿಲ್ಲ, ಈಗ ಆ ರೆಕಾರ್ಡ್ ಹುಡುಕಿಕೊಂಡು ಅಲೆಯುತ್ತಾರೆ. ಗಿಮಿಕ್ ಯಾವುದು ಅಂತ ಹೇಳುವವರು ಸ್ವಲ್ಪ ತಡೆಯಬೇಕು, ಅಲ್ವಾ?

ಮೊದಲು ದುಡ್ಡಿನ ವಿಷಯ. ಶುರುವಿನಲ್ಲಿ ರಾತ್ರಿ 8ರಿಂದ 10ರವರೆಗೆ ಖಾಲಿ ಫ್ಲೋರ್‌ಗೆ ವಾರ್ಮ್-ಅಪ್ ಸೆಟ್, 1,500 ರೂಪಾಯಿ. ಕಂತಿನಲ್ಲಿ ತಂದ ಕಂಟ್ರೋಲರ್ (ಹಾಡು ಬೆರೆಸುವ ಯಂತ್ರ) 20 ಸಾವಿರದ ಮೇಲೆ. ಒಬ್ಬ ಆಯೋಜಕ 18 ಸಾವಿರ ನುಂಗಿದ, ಇವತ್ತಿಗೂ ಬಂದಿಲ್ಲ. ಮನೆ ಬಾಡಿಗೆ ಕಟ್ಟಿದ್ದು ಮದುವೆ ರಿಸೆಪ್ಷನ್‌ಗಳು. 2020ರಲ್ಲಿ ಅವೂ ನಿಂತವು. ಮಾನಿಟರ್ ಸ್ಪೀಕರ್ ಮಾರಿದೆ, ಆರೇಳು ತಿಂಗಳು ಹೆಡ್‌ಫೋನಿನಲ್ಲೇ ಮಿಕ್ಸ್ ಮಾಡಿದೆ. ಆ ದಿನಗಳ ಬೇಸ್ ಈಗ ಕೇಳಿದರೆ ನಾಚಿಕೆಯಾಗುತ್ತದೆ.

ತಮಟೆಯ ಮೊದಲ ಪ್ರಯತ್ನ ಸ್ಟುಡಿಯೋದಲ್ಲಿ. ಗಂಟೆಗೆ 800 ರೂಪಾಯಿ, ಮದ್ದೂರಿನ ಕಡೆಯ ಒಂದು ಹಳ್ಳಿಯಿಂದ ಮೂರು ಜನ. ಬಸ್ ಚಾರ್ಜು, ಊಟ, ಕೂಲಿ ಸೇರಿ ಒಂದೇ ದಿನಕ್ಕೆ ಹೆಚ್ಚುಕಡಿಮೆ 14 ಸಾವಿರ ಹೋಯಿತು. ಕಿವಿಗೆ ಹೆಡ್‌ಫೋನ್ ಹಾಕಿ ನಿಮಿಷಕ್ಕೆ 126 ಬೀಟ್‌ನ ಕ್ಲಿಕ್, ಅಂದರೆ ವೇಗ ತೋರಿಸುವ ಟಿಕ್ ಟಿಕ್, ಬಿಟ್ಟೆ. ಅವರಲ್ಲಿ ಹಿರಿಯರು ಎರಡು ನಿಮಿಷ ಬಾರಿಸಿ ಕಿತ್ತು ಕೆಳಗಿಟ್ಟರು. "ಈ ಟಿಕ್ ಟಿಕ್ ಹಿಂದೆ ಹೋಗಕ್ಕೆ ನಾವೇನ್ ಗಡಿಯಾರಾನ ಮಗ?" ಚರ್ಮ ಬಿಗಿಯಾಗಲು ತಮಟೆ ಕಾಯಿಸಬೇಕು, ಮೂರನೇ ಮಹಡಿಯಲ್ಲಿ ಬೆಂಕಿ ಎಲ್ಲಿ? ಕೆಳಗೆ ಪಾರ್ಕಿಂಗ್‌ನಲ್ಲಿ ಪೇಪರ್ ಸುಟ್ಟು ಕಾಯಿಸಿದೆವು. ಸೆಕ್ಯುರಿಟಿಯವರು ಕೂಗಾಡಿದರು. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಚರ್ಮ ಅರ್ಧ ಇಳಿದಿತ್ತು.

ಸಿಕ್ಕಿದ್ದನ್ನು ಕೂತು ತಿದ್ದಿದೆ. ಕಂಪ್ಯೂಟರಿನಲ್ಲಿ ಪ್ರತಿ ಬಾರ್ ಅನ್ನು (ನಾಲ್ಕು ಬೀಟ್) 16 ಸಮಭಾಗ ಮಾಡುವ ಗ್ರಿಡ್‌ಗೆ ಪೆಟ್ಟುಗಳನ್ನು ಕೂರಿಸಿದೆ, ಸತ್ತೇ ಹೋಯಿತು. ಆ ಪೆಟ್ಟಿನ ನಡೆ ಮೂರರದ್ದು, ನಾಲ್ಕರ ಮನೆಯಲ್ಲಿ ಹೇಗೆ ಕೂರುತ್ತದೆ? ಪ್ರತಿ ಬೀಟನ್ನು ಮೂರು ಭಾಗ ಮಾಡುವ ಟ್ರಿಪ್ಲೆಟ್ ಗ್ರಿಡ್ ಹಾಕಿ ಬಾರ್‌ಗೆ 12 ಮಾಡಿದೆ. ತಪ್ಪು ಎಲ್ಲೂ ಇಲ್ಲ, ಆದರೆ ಕೇಳಿದರೆ ಫ್ಯಾಕ್ಟರಿ ಮಷಿನ್ ಹಾಗಿತ್ತು. ಮೂರು ತಿಂಗಳು ಹಾಗೇ ಹೋಯಿತು.

ಸುಗ್ಗಿ ಮುಗಿದ ಮೇಲೆ ನಾನೇ ಅವರ ಊರಿಗೆ ಹೋದೆ. ಕೊಯ್ದ ಗದ್ದೆ, ಹುಲ್ಲಿನ ಬೆಂಕಿ, ಕ್ಲಿಕ್ ಇಲ್ಲ. ಒಂದೂವರೆ ಮೊಳ ದೂರದಲ್ಲಿ ಒಂದು ಎಸ್‌ಎಂ57 ಮೈಕ್, ಇನ್ನೊಂದು ಮೈಕ್ ಎಲ್ಲಿಟ್ಟೆ ಅನ್ನುವುದು ನನ್ನಲ್ಲೇ ಇರಲಿ. ಆರೇಳು ನಿಮಿಷಕ್ಕೊಮ್ಮೆ ನಿಲ್ಲಿಸಿ ಕಾಯಿಸಿದರು. ಅಷ್ಟರಲ್ಲಿ ಶ್ರುತಿ ಹತ್ತಿರ ಹತ್ತಿರ ಅರ್ಧ ಸ್ವರ ಇಳಿದಿರುತ್ತಿತ್ತು, ಅದನ್ನು ಟೇಕ್‌ವಾರು ಬರೆದಿಟ್ಟುಕೊಂಡೆ. ವೇಗ 118ರಲ್ಲಿ ಶುರುವಾಗಿ 131ರ ಹತ್ತಿರ ನಿಂತಿತು. ಹಿರಿಯರಿಗೆ ಉತ್ಸಾಹ ಬಂದಂತೆಲ್ಲ ಏರಿತು, ಅಷ್ಟೇ.

ಈ ಸಲ ತಮಟೆಯನ್ನು ಮುಟ್ಟಲಿಲ್ಲ. ಏಬಲ್‌ಟನ್ ಅನ್ನುವ ಸಂಗೀತ ಸಾಫ್ಟ್‌ವೇರ್‌ನಲ್ಲಿ ಕಿಕ್ಕನ್ನೇ (ಟೆಕ್ನೋದ ದಪ್ಪ ಡ್ರಮ್ ಪೆಟ್ಟು) ಅದರ ಹಿಂದೆ ನಡೆಸಿದೆ. ಕೇಳಲು ಅದ್ಭುತ, ಆದರೆ ಮಿಕ್ಸ್ ಮಾಡಲು ಆಗದು. ಇನ್ನೊಂದು ಟ್ರ್ಯಾಕ್ ಮೇಲೆ ತಂದರೆ ಎಂಟು ಬಾರ್‌ಗೆಲ್ಲ ಎರಡು ಕಿಕ್ ಸೇರಿ ಕುದುರೆ ಓಡಿದ ಹಾಗೆ. ಕೊನೆಗೆ ನಿಂತಿದ್ದು ಹೀಗೆ: ಮೊದಲ 32 ಬಾರ್ ವೇಗ ಕದಲದೆ 124, ಕೊನೆಯ 32 ಬಾರ್ ಕದಲದೆ 128. ನಡುವೆ ಮೆಲ್ಲಗೆ ಏರುವ ಗೆರೆ. ಅಲ್ಲಿ ನಾಲ್ಕು ಬಾರ್‌ಗೊಮ್ಮೆ ಮೊದಲ ಪೆಟ್ಟಿಗೆ ಮಾತ್ರ ಮೊಳೆ ಹೊಡೆದೆ. ಒಳಗಿನ ಪೆಟ್ಟುಗಳು ಅವರಿಷ್ಟ. ಎರಡು ಟ್ರ್ಯಾಕ್‌ಗಳ ವೇಗ ತಾನೇ ಹೊಂದಿಸುವ ಸಿಂಕ್ ಬಟನ್ ನಂಬಿದವರು ನಡುವೆ ಕೈಹಾಕಿದರೆ ಬೀಳುತ್ತಾರೆ. ನಾನು ಕಿವಿಯಿಂದ ಕಲಿತವನು, ನನಗೆ ತೊಂದರೆಯಿಲ್ಲ.

ಕೆಳಗಿನ (ಬೇಸ್) ಸದ್ದಿಗೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ತಮಟೆಯನ್ನು 150 ಹರ್ಟ್ಸ್ ಸುತ್ತ ಕತ್ತರಿಸಿ ಕಿಕ್‌ಗೆ ಜಾಗ ಬಿಟ್ಟೆ, 120 ಹರ್ಟ್ಸ್ ಕೆಳಗೆ ಎಲ್ಲ ಮೊನೊ, ಎರಡೂ ಸ್ಪೀಕರ್‌ನಲ್ಲಿ ಒಂದೇ ಸದ್ದು. ಕಿಕ್ ಬಿದ್ದಾಗ ಉಳಿದ ಸದ್ದು ತಗ್ಗಿಸುವ ಸೈಡ್‌ಚೈನ್ ಹೆಸರಿಗಷ್ಟೇ. ತಮಟೆಯ ಅಡಿಯಲ್ಲಿ ಇನ್ನೊಂದು ಪದರ ಇದೆ, ಅದೇನು ಅಂತಲೇ ಎಲ್ಲರೂ ಕೇಳುವುದು. ಅಡುಗೆಮನೆಯ ಸಾಮಾನು ಅಂತ ಮಾತ್ರ ಹೇಳುತ್ತೇನೆ. ಕ್ಲಬ್ಬಿಗೆ ಮೈನಸ್ 8 ಲಫ್ಸ್ (ಸದ್ದಿನ ಜೋರು ಅಳೆಯುವ ಮಾನ) ಹತ್ತಿರ ಅಂತಿಮ ಮಾಸ್ಟರ್ ಪ್ರತಿ, ಸ್ಟ್ರೀಮಿಂಗ್‌ಗೆ ಬೇರೆ. ಕೊನೆಯ ಪರೀಕ್ಷೆ ಗುರುತಿನ ಆಟೋ ಅಣ್ಣನ ಸ್ಪೀಕರ್‌ನಲ್ಲಿ. ಅಲ್ಲಿ ತಮಟೆ ಒಡೆದು ಕೇಳಿದರೆ ವಾಪಸ್ ಮನೆಗೆ.

ಈ ನಡುವೆ ಚೆಂಡೆಯನ್ನೂ ನೋಡಿದೆ. ಡ್ರಮ್ ಆ್ಯಂಡ್ ಬೇಸ್ ಅನ್ನುವ ವೇಗದ ಶೈಲಿಯಲ್ಲಿ ಮಾಡೋಣ ಅಂತ ನಿಮಿಷಕ್ಕೆ 174 ಬೀಟ್‌ಗೆ ಇಟ್ಟೆ. ಚೆಂಡೆ ಬಯಲಿಗೆ ಹುಟ್ಟಿದ್ದು. ಕ್ಲಬ್ಬಿನ ಹಾರ್ನ್ ಸ್ಪೀಕರ್‌ನಲ್ಲಿ ಕಿವಿಗೆ ಸೂಜಿ ಚುಚ್ಚಿದ ಹಾಗಾಯಿತು. 3 ಕಿಲೋಹರ್ಟ್ಸ್ ಸುತ್ತ ಇಳಿಸಿದರೆ ಚೆಂಡೆಯೇ ಇರುವುದಿಲ್ಲ. ಬಿಟ್ಟೆ. ಮೆಜೆಸ್ಟಿಕ್‌ನ ಕಂಡಕ್ಟರ್ ಕೂಗು ಮಾತ್ರ ಚೆನ್ನಾಗಿ ಕೂತಿದೆ, ಅದು ಮುಂದಿನ ಟ್ರ್ಯಾಕಿಗೆ.

ಮೊದಲ ಸಲ ಕೋರಮಂಗಲದ ಒಂದು ಪಬ್ಬಿನಲ್ಲಿ ಹಾಕಿದೆ. ರಾತ್ರಿ ಹತ್ತೂಕಾಲು, ಜನ ಇನ್ನೂ ಊಟದಲ್ಲಿದ್ದರು. ಮ್ಯಾನೇಜರ್ ಬಂದು "ಇದೆಲ್ಲ ಬೇಡ ಬ್ರೋ" ಅಂದರು. ತಪ್ಪು ನನ್ನದೇ, ಬೇಗ ಹಾಕಿದೆ. ಆ ವರ್ಷವೇ, 2023ರಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಿತ್ತು. ಆಮೇಲೆ ಬುಕಿಂಗ್ ಮಾಡುವವರ ಜೊತೆ ಮಾತಾಡುವಾಗ ಅದನ್ನೇ ಮೊದಲು ಎತ್ತುತ್ತಿದ್ದೆ. ನಗು ಸ್ವಲ್ಪ ಕಡಿಮೆಯಾಯಿತು.

ಇಂದಿರಾನಗರದಲ್ಲಿ ಹನ್ನೆರಡೂ ಇಪ್ಪತ್ತಕ್ಕೆ ಹಾಕಿದೆ. ಒಂದಕ್ಕೆ ಮುಚ್ಚಬೇಕು, ಹೋಗುವ ಮನಸ್ಸು ಯಾರಿಗೂ ಇಲ್ಲದ ಹೊತ್ತು. ಇಂಟ್ರೋದ 32 ಬಾರ್ ಮುಗಿದು ತಮಟೆ ಬಿಡುತ್ತಿದ್ದಂತೆ ಹಿಂದಿನ ಸಾಲಿನಿಂದ ಒಂದು ಶಿಳ್ಳೆ ಬಂತು, ಊರ ಹಬ್ಬದ ಶಿಳ್ಳೆ. ಆಮೇಲೆ ಫ್ಲೋರ್ ತಾನೇ ನೋಡಿಕೊಂಡಿತು. ಬಾರ್ ಹುಡುಗರು ಟ್ರೇ ಕೆಳಗಿಟ್ಟು ಕುಣಿದರು. ಮ್ಯಾನೇಜರ್ ಬೈಯಲಿಲ್ಲ, ಅವರೂ ಕುಣಿಯುತ್ತಿದ್ದರು.

ಒಂದು ರಾತ್ರಿಗೆ 12 ಸಾವಿರ ತೆಗೆದುಕೊಳ್ಳುತ್ತಿದ್ದವನು ಈಗ 35-40 ಕೇಳುತ್ತೇನೆ, ಕೊಡುತ್ತಾರೆ. ಸ್ಟ್ರೀಮಿಂಗ್‌ನಿಂದ ವರ್ಷಕ್ಕೆ ಬಂದಿದ್ದು 4 ಸಾವಿರವೂ ಇಲ್ಲ, ಅದರಲ್ಲಿ ಅರ್ಧ ಮದ್ದೂರಿಗೆ ಕಳಿಸಿದೆ. ಹಿರಿಯರು ಫೋನ್ ಮಾಡಿ, "ಇಷ್ಟೇನಾ? ನಮ್ ಹಬ್ಬದಲ್ಲೇ ಜಾಸ್ತಿ ಬತ್ತದೆ ಮಗ" ಅಂದರು. ಹಾಗಾಗಿ ಈಗ ಲೆಕ್ಕ ಬದಲಾಯಿಸಿದ್ದೇನೆ, ಆ ಟ್ರ್ಯಾಕ್ ಹಾಕಿದ ಪ್ರತಿ ಶೋಗೂ ಅವರಿಗೆ ಒಂದು ಪಾಲು.

ಎರಡನೆಯದಕ್ಕೆ ಕೇಳಿದ್ದೇನೆ. ಮಳೆಗಾಲ, ಚರ್ಮ ಎರಡು ನಿಮಿಷವೂ ನಿಲ್ಲಲ್ಲ, ಸುಗ್ಗಿ ಆಗಲಿ ಅಂದಿದ್ದಾರೆ. ಬರುವಾಗ ಆ ಟಿಕ್ ಟಿಕ್ ತರಬೇಡ ಅಂತಲೂ ಹೇಳಿದ್ದಾರೆ.