ಕ್ಯಾಂಪಿಂಗ್‌ಗೆ ಹೊರಟಿದ್ದೀರಾ? ಸೌದೆ ಮನೆಯಲ್ಲೇ ಬಿಡಿ

ಮೇ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಮಿಷಿಗನ್‌ನ ಕನ್ನಡದವರ ವಾಟ್ಸ್ಯಾಪ್ ಗುಂಪುಗಳಲ್ಲಿ ಕ್ಯಾಂಪಿಂಗ್‌ನದೇ ಮಾತು. ಟೆಂಟ್ ಯಾರದು, ಪುಳಿಯೋಗರೆ ಗೊಜ್ಜು ಯಾರು ತರುತ್ತಾರೆ, ಮಕ್ಕಳಿಗೆ ಜೋಳ ಸುಡಲು ಏನು ಬೇಕು. ಆ ಪಟ್ಟಿಯಲ್ಲಿ ಯಾರಾದರೊಬ್ಬರು "ಸೌದೆ ನಾನು ತರ್ತೀನಿ, ನಮ್ಮ ಹಿತ್ತಲಲ್ಲಿ ರಾಶಿ ಬಿದ್ದಿದೆ" ಎಂದು ಬರೆದೇ ಬರೆಯುತ್ತಾರೆ. ಒಳ್ಳೆಯ ಮನಸ್ಸಿನಿಂದ ಹೇಳುವ ಮಾತೇ. ಆದರೂ ನಾನು ಪ್ರತಿ ಸಲ ಬೇಡ ಎನ್ನುತ್ತೇನೆ. ಸೌದೆಯನ್ನು ಸುಡುವ ಜಾಗದ ಹತ್ತಿರವೇ ಕೊಳ್ಳಿ, ಅಲ್ಲೇ ಪೂರ್ತಿ ಸುಟ್ಟು ಬನ್ನಿ. ಸೌದೆಯೊಳಗೆ ಅಡಗಿದ ಮರ ಕೊರೆಯುವ ಹುಳುಗಳು ಅದರ ಜೊತೆಗೇ ಹೊಸ ಜಾಗಕ್ಕೆ ಹೋಗುತ್ತವೆ. ಯಾಕೆ, ಹೇಗೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ನಾನಿರುವುದು ಡೆಟ್ರಾಯ್ಟ್ ಪಕ್ಕದ ಕ್ಯಾಂಟನ್‌ನಲ್ಲಿ. ನಮ್ಮ ಭಾರತೀಯರು ಜಾಸ್ತಿ ಇರುವ ಊರು. 2002ರ ಬೇಸಿಗೆಯಲ್ಲಿ ಎಮರಾಲ್ಡ್ ಆಶ್ ಬೋರರ್ ಎಂಬ, ಆಶ್ ಮರ ಕೊರೆಯುವ ಹುಳುವನ್ನು ಉತ್ತರ ಅಮೆರಿಕದಲ್ಲಿ ಮೊದಲು ಗುರುತಿಸಿದ್ದು ಇದೇ ಊರಿನ ಸುತ್ತಮುತ್ತ. ಅದೇ ವರ್ಷ ನದಿಯಾಚೆ ಕೆನಡಾದ ವಿಂಡ್ಸರ್‌ನಲ್ಲೂ ಸಿಕ್ಕಿತು. ಅರ್ಧ ಇಂಚಿನಷ್ಟು ಉದ್ದ, ಮಿರಮಿರ ಮಿಂಚುವ ಹಸಿರು ಬಣ್ಣ. ಇದರ ಮೂಲ ಪೂರ್ವ ಏಷ್ಯಾ. 1990ರ ದಶಕದಲ್ಲಿ ಹಡಗಿನ ಸರಕಿನ ಮರದ ಪೆಟ್ಟಿಗೆ, ಪ್ಯಾಲೆಟ್‌ಗಳ ಒಳಗೆ ಸೇರಿ ಬಂದಿರಬೇಕು ಎನ್ನುತ್ತಾರೆ ತಿಳಿದವರು. ಯಾರಾದರೂ ನೋಡುವಷ್ಟರಲ್ಲಿ ಇಲ್ಲಿ ಬೀಡುಬಿಟ್ಟು ವರ್ಷಗಳೇ ಆಗಿದ್ದವು.

ಆಮೇಲೆ ಆದದ್ದು ಈ ಭಾಗದ ಹಳಬರಿಗೆಲ್ಲ ಗೊತ್ತು. ಡಚ್ ಎಲ್ಮ್ ರೋಗಕ್ಕೆ ಎಲ್ಮ್ ಮರಗಳು ಹೋದಾಗ, ಬೀದಿಯ ನೆರಳಿಗೆಂದು ಸಾಲಾಗಿ ಆಶ್ ಮರ ನೆಟ್ಟಿದ್ದರು. ಅವೂ ಹೋದವು. ಹುಳು ಹೊಕ್ಕ ಮರ ಮೂರ್ನಾಲ್ಕು ವರ್ಷಗಳಲ್ಲಿ ಸಾಯುತ್ತದೆ. ಉತ್ತರ ಅಮೆರಿಕದಲ್ಲಿ ಕೋಟಿಗಟ್ಟಲೆ ಆಶ್ ಮರಗಳು ಹೀಗೆ ಹೋಗಿವೆ. ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಬ್ಲ್ಯಾಕ್ ಆಶ್ ನೆನೆದರೆ. ಇಲ್ಲಿನ ಮೂಲನಿವಾಸಿಗಳಾದ ಒಡಾವಾ, ಒಜಿಬ್ವೆ, ಪೊಟವಾಟೊಮಿ ಜನ ಆ ಮರದ ದಿಮ್ಮಿಯನ್ನು ಕೊಡತಿಯಿಂದ ಬಡಿದು ಬಡಿದು, ವರ್ಷದ ಉಂಗುರಗಳನ್ನು ಪಟ್ಟಿಪಟ್ಟಿಯಾಗಿ ಬಿಡಿಸಿ ಬುಟ್ಟಿ ಹೆಣೆಯುತ್ತಾರೆ. ತಲೆಮಾರುಗಳಿಂದ ಬಂದ ವಿದ್ಯೆ. ಮರವೇ ಇಲ್ಲದಿದ್ದರೆ ಅಜ್ಜಿ ಮೊಮ್ಮಗಳಿಗೆ ಏನು ಹಿಡಿದು ಕಲಿಸಬೇಕು?

ಈ ಹುಳು ತಾನಾಗಿ ಬಹಳ ದೂರ ಹಾರುವುದಿಲ್ಲ. ಹತ್ತಿರ ಆಶ್ ಮರ ಇದ್ದರೆ ಅಲ್ಲೇ ಮೊಟ್ಟೆಯಿಡುತ್ತದೆ. ಹಾಗಿದ್ದೂ 2013ಕ್ಕೆ ಕೊಲರಾಡೊದ ಬೋಲ್ಡರ್‌ನಲ್ಲಿ, 2022ಕ್ಕೆ ಪೆಸಿಫಿಕ್ ತೀರದ ಆರೆಗನ್‌ನಲ್ಲಿ ಕಾಣಿಸಿಕೊಂಡಿತು. ನಡುವೆ ನೂರಾರು ಮೈಲಿ ಬಯಲು, ಬೆಟ್ಟ. ಅಷ್ಟು ದೂರ ಅದನ್ನು ಹೊತ್ತದ್ದು ನಮ್ಮ ಗಾಡಿಗಳು. ನರ್ಸರಿ ಗಿಡಗಳಲ್ಲಿ ಹೋಗಿದೆ, ದಿಮ್ಮಿಗಳಲ್ಲಿ ಹೋಗಿದೆ, ಸೌದೆಯಲ್ಲಂತೂ ಧಾರಾಳವಾಗಿ ಹೋಗಿದೆ. ಸತ್ತ ಆಶ್ ಮರ ಸೀಳಲು ಸುಲಭ, ಚೆನ್ನಾಗಿ ಉರಿಯುತ್ತದೆ. ಎಲ್ಲರಿಗೂ ಅದೇ ಬೇಕು.

ಮಲೆನಾಡಿನ ಕಾಫಿಯವರಿಗೆ ಇದು ಹೊಸ ವಿಷಯ ಅಲ್ಲ. ನಮ್ಮ ತಂದೆ ಮೂಡಿಗೆರೆ ಕಡೆ ಅರೇಬಿಕಾ ಬೆಳೆದವರು. ಅಲ್ಲಿ ಬಿಳಿ ಕಾಂಡಕೊರಕದ ಕಾಟ. ತೋಟದಲ್ಲಿ ಸುಮ್ನೆ 'ಬೋರರ್' ಅಂತಲೇ ಕರೆಯುತ್ತೇವೆ. ಅದು ನಮ್ಮ ಸೀಮೆಯದೇ ಹುಳು, ಹೊರಗಿಂದ ಬಂದದ್ದಲ್ಲ. ಆದರೆ ಕಾಂಡದೊಳಗೆ ಅಡಗಿ ಬದುಕುವ ರೀತಿ ಬಹಳ ಮಟ್ಟಿಗೆ ಒಂದೇ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್, ಈ ಎರಡು ಕಾಲದಲ್ಲಿ ದುಂಬಿ ಹೊರಗೆ ಹಾರುತ್ತದೆ. ಅದಕ್ಕೆ ಮೊದಲೇ ಬೋರರ್ ಹೊಡೆದ ಗಿಡ ಹುಡುಕಿ, ಬೇರು ಸಮೇತ ಕಿತ್ತು ಸುಡಬೇಕು. ಕಿತ್ತ ಗಿಡವನ್ನು ಸೌದೆಗೆ ಆಗುತ್ತೆ ಎಂದು ಲೈನ್ ಮನೆ ಹಿಂದೆ ಒಟ್ಟಿದರೆ ಕೆಲಸ ಕೆಟ್ಟ ಹಾಗೆಯೇ. ಒಳಗಿನ ಹುಳು ಸಾಯುವುದಿಲ್ಲ, ಕಾಲ ಬಂದಾಗ ಆ ರಾಶಿಯಿಂದಲೇ ಎದ್ದು ತೋಟಕ್ಕೆ ಮರಳುತ್ತದೆ. ಸೌದೆಗೆ ಬೇಕೇ ಬೇಕು ಎಂದಾದರೆ ವಾರ–ಹತ್ತು ದಿನ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಒಣಗಿಸುವುದು ಪದ್ಧತಿ. ಮರ ಸತ್ತರೂ ಅದರೊಳಗಿನ ಹುಳು ಬದುಕಿರುತ್ತದೆ ಎಂಬುದು ನನಗೆ ತೋಟದಲ್ಲೇ ತಿಳಿದ ಪಾಠ.

ಹಾಗಾಗಿ "ನಮ್ಮ ಸೌದೆ ಒಣಗಿದೆ, ನೋಡಲು ಶುದ್ಧವಾಗಿದೆ" ಎಂಬ ಮಾತನ್ನು ನಂಬಬೇಡಿ. ಆಶ್ ಬೋರರ್ ಮರಿ ತೊಗಟೆಯ ಅಡಿಯಲ್ಲಿ ಹಾವಿನ ಹಾದಿಯಂತೆ ಸುರಂಗ ಕೊರೆಯುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ. ಕಾಣುವ ತೂತು ದುಂಬಿ ಹೊರಗೆ ಹೋದ ಮೇಲಿನದು. ತೂತಿಲ್ಲದ ತುಂಡಿನಲ್ಲೇ ಹುಳು ಇರಬಹುದು ಅಲ್ವಾ? ಕಡಿದ ಆಶ್ ಮರದಿಂದ ಎರಡನೇ ವರ್ಷವೂ ದುಂಬಿ ಹೊರಬರಬಹುದು. ತೊಗಟೆ ತೆಗೆದರೆ ಅಪಾಯ ಕಡಿಮೆಯಾಗುತ್ತದೆ, ಆದರೆ ಕೆಲವು ಜಾತಿ ಹುಳು ಮರದ ತಿರುಳಿಗೇ ಇಳಿಯುತ್ತವೆ.

ಇನ್ನೊಂದು ಮಾತೂ ಆಗಾಗ ಕೇಳುತ್ತೇನೆ. 2021ರ ಜನವರಿಯಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಆಶ್ ಬೋರರ್ ಮೇಲಿನ ಸಾಗಣೆ ನಿರ್ಬಂಧ ತೆಗೆಯಿತಲ್ಲ, ಇನ್ನೇನು ಚಿಂತೆ ಎಂದು. ಅದನ್ನು ತೆಗೆದದ್ದು ಹುಳು ನಿರಪಾಯ ಎಂದಲ್ಲ. ಹುಳು ಆ ನಿರ್ಬಂಧದ ಗಡಿಗಳನ್ನೆಲ್ಲ ದಾಟಿ ಹೋಗಿತ್ತು, ಹಣ ಮತ್ತು ಶ್ರಮವನ್ನು ಬೇರೆ ದಾರಿಗೆ ಹಾಕೋಣ ಎಂದು ನಿರ್ಧರಿಸಿದರು. ಅದರಲ್ಲೊಂದು ದಾರಿ, ಈ ಹುಳುವಿನ ಮೊಟ್ಟೆ ಮತ್ತು ಮರಿಗಳನ್ನು ಕೊಲ್ಲುವ ಪುಟ್ಟ ಕಣಜಗಳನ್ನು ಬಿಡುವುದು. ಮಿಷಿಗನ್‌ನಲ್ಲಿ 2007ರಿಂದಲೇ ಬಿಡುತ್ತಿದ್ದಾರೆ. ಆಶ್ ಮರ ಇನ್ನೂ ಉಳಿದಿರುವ ಜಾಗಗಳಿವೆ. ಮೇಲಾಗಿ ಸೌದೆಯಲ್ಲಿ ಬರುವುದು ಇದೊಂದೇ ಅಲ್ಲ. ಏಷ್ಯನ್ ಲಾಂಗ್‌ಹಾರ್ನ್ಡ್ ಬೀಟಲ್ ಇದೆ: ಕಪ್ಪು ಮೈ, ಬಿಳಿ ಚುಕ್ಕೆ, ಪಟ್ಟೆಪಟ್ಟೆಯ ಉದ್ದ ಮೀಸೆ. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, 2008ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ, 2011ರಲ್ಲಿ ಸಿನ್ಸಿನಾಟಿ ಹತ್ತಿರದ ಕ್ಲರ್ಮಾಂಟ್ ಕೌಂಟಿಯಲ್ಲಿ ಸಿಕ್ಕಿತು. ಅದಕ್ಕೆ ಮೇಪಲ್ ಎಂದರೆ ಪ್ರಾಣ. ಶಿಕಾಗೋದಲ್ಲಿ ಮರ ಕಡಿದು, ಕಾವಲು ಕಾದು, ಹತ್ತು ವರ್ಷದಲ್ಲಿ ಅದನ್ನು ಪೂರ್ತಿ ಇಲ್ಲವಾಗಿಸಿದರು. ಬೇಗ ಕಂಡು, ಹರಡದಂತೆ ತಡೆದರೆ ಗೆಲ್ಲಬಹುದು ಎಂಬುದಕ್ಕೆ ಅದೇ ಸಾಕ್ಷಿ.

ಈಗ ಕೊಳ್ಳುವ ವಿಚಾರ. ದೂರದ ಲೆಕ್ಕ ಹೀಗೆ ಇಟ್ಟುಕೊಳ್ಳಿ: ಹತ್ತು ಮೈಲಿಯೊಳಗೆ ಸಿಕ್ಕಿದರೆ ಉತ್ತಮ, ಐವತ್ತು ಮೈಲಿ ದಾಟಲೇಬಾರದು. ಕ್ಯಾಂಟನ್‌ನಿಂದ ಲಡಿಂಗ್ಟನ್‌ಗೋ ಪಿಕ್ಚರ್ಡ್ ರಾಕ್ಸ್‌ಗೋ ಹೋಗುವವರು ಇಲ್ಲಿಂದ ಒಂದು ತುಂಡೂ ಒಯ್ಯಬೇಡಿ. ಕ್ಯಾಂಪ್ ಹತ್ತಿರ ಬಂದಾಗ ರಸ್ತೆ ಬದಿ ಮನೆಗಳ ಮುಂದೆ ಸೌದೆ ಕಟ್ಟು ಇಟ್ಟಿರುತ್ತಾರೆ. ನಿಲ್ಲಿಸಿ, "ಈ ಮರ ಎಲ್ಲಿ ಕಡಿದದ್ದು?" ಎಂದು ಕೇಳಿ. "ನಮ್ಮದೇ ಜಾಗದ್ದು" ಎಂದರೆ ಧೈರ್ಯವಾಗಿ ಕೊಳ್ಳಿ. "ಲಾರಿಯಲ್ಲಿ ಬಂತು, ಎಲ್ಲಿಂದಲೋ ಗೊತ್ತಿಲ್ಲ" ಎಂದರೆ ಮುಂದೆ ಹೋಗಿ. ಹೀಗೆ ಕೇಳಲು ಸಂಕೋಚ ಬೇಡ, ಮಾರುವವರಿಗೂ ಈ ಪ್ರಶ್ನೆ ಗೊತ್ತಿರುತ್ತದೆ.

ಪೆಟ್ರೋಲ್ ಬಂಕ್, ದೊಡ್ಡ ಅಂಗಡಿಗಳ ಪ್ಲಾಸ್ಟಿಕ್ ಸುತ್ತಿದ ಕಟ್ಟುಗಳಲ್ಲಿ ಚೀಟಿ ಓದಿ. ಅಂಗಡಿ ಹತ್ತಿರ ಇದ್ದ ಮಾತ್ರಕ್ಕೆ ಸೌದೆ ಹತ್ತಿರದ್ದಲ್ಲ, ಬೇರೆ ರಾಜ್ಯದಿಂದ ಬಂದಿರಬಹುದು. 'ಹೀಟ್ ಟ್ರೀಟೆಡ್' ಎಂಬ ಮುದ್ರೆ, ಪ್ರಮಾಣಪತ್ರದ ಗುರುತು ಇರಬೇಕು. ನ್ಯೂಯಾರ್ಕ್ ರಾಜ್ಯದ ನಿಯಮದಲ್ಲಿ ಇದಕ್ಕೆ ಸೌದೆಯ ನಡುತಿರುಳು 71 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 75 ನಿಮಿಷ ಇರಬೇಕು. 'ಕಿಲ್ನ್ ಡ್ರೈಡ್' ಎಂದು ಮಾತ್ರ ಬರೆದಿದ್ದರೆ ಸಾಲದು. ಅದು ನೀರಿನಂಶ ಕಡಿಮೆ ಮಾಡಿದ್ದಾರೆ ಎನ್ನುತ್ತದೆ, ಹುಳು ಸಾಯುವಷ್ಟು ಕಾಯಿಸಿದ್ದಾರೆ ಎಂದು ಹೇಳುವುದಿಲ್ಲ. 'ಸೀಸನ್ಡ್' ಅಂದರೆ ಬಿಸಿಲಿಗೆ ಇಟ್ಟದ್ದು, ಅಷ್ಟೇ.

ನಿಯಮ ಪ್ರತಿ ಜಾಗಕ್ಕೂ ಬೇರೆ. ನ್ಯೂಯಾರ್ಕ್‌ನಲ್ಲಿ ಕಾಯಿಸದ ಸೌದೆಯನ್ನು ಹೊರರಾಜ್ಯದಿಂದ ತರುವಂತಿಲ್ಲ, ಒಳಗೂ ಐವತ್ತು ಮೈಲಿ ಮೀರಿ ಒಯ್ಯುವಂತಿಲ್ಲ. ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನಕ್ಕೆ 2015ರಿಂದ ಹೀಟ್ ಟ್ರೀಟೆಡ್ ಸೌದೆ ಮಾತ್ರ ಒಯ್ಯಬಹುದು. ಉದ್ಯಾನದೊಳಗೇ ಒಣಗಿ ಬಿದ್ದ ಕಟ್ಟಿಗೆ ಆರಿಸಿಕೊಳ್ಳಲು ಅಲ್ಲಿ ಬಿಡುತ್ತಾರೆ. ಬೇರೆ ಕಡೆ ಒಂದು ಕಡ್ಡಿ ಎತ್ತಲೂ ಬಿಡುವುದಿಲ್ಲ. ಜಾಗ ಬುಕ್ ಮಾಡಿದ ದಿನವೇ ಅಲ್ಲಿನ ಕಚೇರಿಗೆ ಫೋನ್ ಮಾಡಿ ಕೇಳಿಬಿಡಿ. ಕೆನಡಾ ಗಡಿ ದಾಟುವವರಂತೂ ಗಾಡಿಯಲ್ಲಿ ಸೌದೆ ಇಟ್ಟುಕೊಳ್ಳಲೇಬೇಡಿ.

ಬೇಕಾದಷ್ಟೇ ಕೊಳ್ಳಿ. ಕಡಿಮೆಯಾದರೆ ಮತ್ತೊಂದು ಕಟ್ಟು ತಂದರಾಯಿತು. ಉಳಿದರೆ ಮನೆಗೆ ಒಯ್ಯಬೇಡಿ, ಪಕ್ಕದ ಟೆಂಟಿನವರಿಗೆ ಕೊಡಿ, ಇಲ್ಲವೇ ರೇಂಜರ್ ಹೇಳಿದಲ್ಲಿ ಇಡಿ. ಹೊರಡುವ ಮೊದಲು ಗಾಡಿಯ ಡಿಕ್ಕಿಯಲ್ಲಿ ಉದುರಿದ ತೊಗಟೆ, ಚಕ್ಕೆಗಳನ್ನೂ ಗುಡಿಸಿ ಬೆಂಕಿಗೆ ಹಾಕಿ. ಆಮೇಲೆ ನೀರು ಸುರಿದು, ಕೆದಕಿ, ಬೂದಿ ತಣ್ಣಗಾಗುವವರೆಗೆ ಬೆಂಕಿ ಆರಿಸಿ.

ಓದುವಷ್ಟರಲ್ಲಿ ಸೌದೆ ಆಗಲೇ ಗಾಡಿಯಲ್ಲಿ ಬಂದುಬಿಟ್ಟಿದ್ದರೆ? ಗಾಬರಿ ಬೇಡ. ವಾಪಸ್ ಒಯ್ಯಬೇಡಿ, ಕಾಡಿಗೆ ಎಸೆಯಬೇಡಿ, ಕ್ಯಾಂಪ್‌ನಲ್ಲಿ ಬಿಟ್ಟು ಬರಬೇಡಿ. ಅಲ್ಲಿನ ಸಿಬ್ಬಂದಿಗೆ ತಿಳಿಸಿ, ಅವರು ಸರಿ ಎಂದರೆ ಎಲ್ಲವನ್ನೂ ಮೊದಲ ರಾತ್ರಿಯೇ ಸುಟ್ಟುಬಿಡಿ.

ಮನೆಯ ಮರ ಕಡಿಸಿದವರಿಗೂ ಒಂದು ಮಾತು. ಆ ಸೌದೆ ನಿಮ್ಮ ಹಿತ್ತಲಲ್ಲೇ ಉರಿಯಲಿ. ಸಂಕ್ರಾಂತಿಯ ಬೆಂಕಿಗೆ, ಬದನೆಕಾಯಿ ಸುಡುವುದಕ್ಕೆ, ಕೊರೆಯುವ ಚಳಿಗೆ ಬೇಕಾದಷ್ಟು ಉಪಯೋಗ ಇದೆ. ದೂರದ ಗೆಳೆಯರ ಕ್ಯಾಬಿನ್‌ಗೆ ಉಡುಗೊರೆ ಕೊಡಬೇಡಿ. ಓಕ್ ಮರವಾದರೆ ಇನ್ನೂ ಹುಷಾರು. ಓಕ್ ವಿಲ್ಟ್ ಎಂಬ ಶಿಲೀಂಧ್ರ ರೋಗಕ್ಕೆ ಸತ್ತ ಕೆಂಪು ಓಕ್‌ನ ತೊಗಟೆಯಡಿ ಬೂಷ್ಟು ಬೆಳೆಯುತ್ತದೆ, ದುಂಬಿಗಳು ಅದನ್ನು ಬೇರೆ ಓಕ್‌ನ ಗಾಯಕ್ಕೆ ಒಯ್ಯುತ್ತವೆ. ಅಂಥ ಸೌದೆಯನ್ನು ದಪ್ಪ ಪ್ಲಾಸ್ಟಿಕ್ ಹೊದಿಸಿ, ಅಂಚುಗಳನ್ನು ಸುತ್ತಲೂ ಮಣ್ಣಿನಲ್ಲಿ ಹುಗಿದು ಮುಚ್ಚಿಡಬೇಕು. ಮಿಷಿಗನ್‌ನಲ್ಲಿ ಏಪ್ರಿಲ್ 15ರಿಂದ ಜುಲೈ 15ರವರೆಗೆ ಓಕ್ ಕೊಂಬೆ ಕತ್ತರಿಸಲೇಬೇಡಿ. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಎಕ್ಸ್‌ಟೆನ್ಷನ್ ವಿಭಾಗ ಇಂಥ ವಿಷಯಕ್ಕೆ ಒಳ್ಳೆಯ ಸಲಹೆ ಕೊಡುತ್ತದೆ. ಹಾಗೆಯೇ ಊರಿಂದ ಹೋಮಕ್ಕೆ ಸಮಿತ್ತು ತರುವವರು ವಿಮಾನ ನಿಲ್ದಾಣದಲ್ಲಿ ಕಡ್ಡಾಯವಾಗಿ ಹೇಳಬೇಕು, ಬಚ್ಚಿಡಬಾರದು.

ಕ್ಯಾಂಪ್‌ನಿಂದ ಹೊರಡುವಾಗ ಟೆಂಟ್, ಕುರ್ಚಿ, ಗಾಡಿಯ ಚಕ್ರದ ಮೇಲ್ಭಾಗ, ಸೈಕಲ್ ಸ್ಟ್ಯಾಂಡ್ ಎಲ್ಲ ಒಮ್ಮೆ ನೋಡಿ. ಸ್ಪಾಂಜಿ ಮಾತ್ ಎಂಬ ಪತಂಗದ ಮೊಟ್ಟೆಗುಂಪು ತಿಳಿಕಂದು ಬಣ್ಣದ, ನವಿರು ಕೂದಲಿನ ಚಪ್ಪಟೆ ಗುಡ್ಡೆ. ಒಂದರಲ್ಲಿ 500ರಿಂದ 1000 ಮೊಟ್ಟೆ ಇರಬಹುದು. 1869ರ ಸುಮಾರಿಗೆ ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ನಲ್ಲಿ ಒಬ್ಬರ ಮನೆಯಲ್ಲಿ ಸಾಕಿದ್ದು ತಪ್ಪಿಸಿಕೊಂಡು ಇಷ್ಟಾಗಿದೆ. 2014ರಲ್ಲಿ ಪೆನ್ಸಿಲ್ವೇನಿಯಾದಲ್ಲಿ, 2022ರಲ್ಲಿ ನಮ್ಮ ಪಾಂಟಿಯಾಕ್‌ನಲ್ಲಿ ಸಿಕ್ಕ ಸ್ಪಾಟೆಡ್ ಲ್ಯಾಂಟರ್ನ್‌ಫ್ಲೈ ಎಂಬ ಹುಳುವಿನ ಮೊಟ್ಟೆ ಒಣಗಿದ ಬೂದು ಮಣ್ಣು ಮೆತ್ತಿದ ಹಾಗೆ ಇರುತ್ತದೆ. ಶರತ್ಕಾಲದಿಂದ ವಸಂತದವರೆಗೆ ಕಾಣುತ್ತದೆ. ಇಂಥದ್ದು ಸಿಕ್ಕರೆ ಮೊದಲು ಫೋಟೋ, ಆಮೇಲೆ ಹಳೆಯ ಕಾರ್ಡಿನಿಂದ ಕೆರೆದು ಸೋಪಿನ ನೀರಿಗೆ ಹಾಕಿ. ಹುಡುಕುವ ಕೆಲಸಕ್ಕೆ ಮಕ್ಕಳನ್ನು ಹಚ್ಚಿ. ಅವರ ಕಣ್ಣು ನಮಗಿಂತ ಚುರುಕು.

ಮರದಲ್ಲೇ ಗುರುತು ಕಂಡರೆ ದೂರು ಕೊಡುವುದೂ ಸುಲಭ. ಆಶ್ ಬೋರರ್ ತೂತು ಇಂಗ್ಲಿಷಿನ ಡಿ ಅಕ್ಷರದಂತೆ, ಎಂಟನೇ ಒಂದು ಇಂಚು ಅಗಲ. ಮರಕುಟಿಗ ತೊಗಟೆ ಕೆತ್ತಿ ಬಿಳಿಚಿದ ಪಟ್ಟೆ ಕಾಣುತ್ತದೆ, ಮೇಲಿನ ಕೊಂಬೆ ಬೋಳಾಗಿ ಬುಡದಲ್ಲಿ ಚಿಗುರು ಒಡೆಯುತ್ತದೆ. ಲಾಂಗ್‌ಹಾರ್ನ್ಡ್ ಬೀಟಲ್‌ನ ತೂತು ದುಂಡಗೆ, ಪೆನ್ಸಿಲ್ ಒಳಗೆ ತೂರುವಷ್ಟು ದೊಡ್ಡದು. ಅದನ್ನು ಕಂಡರೆ ಒಂದು ದಿನವೂ ಕಾಯಬೇಡಿ. ನಾಣ್ಯ ಪಕ್ಕಕ್ಕಿಟ್ಟು ಫೋಟೋ ತೆಗೆಯಿರಿ, ಜಾಗ ಗುರುತು ಹಾಕಿ, ರಾಜ್ಯದ ಕೃಷಿ ಇಲಾಖೆಗೆ ಕಳಿಸಿ. ಹುಳು ಸಿಕ್ಕರೆ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ.

ಇನ್ನು ಗುಂಪಿನ ಪಟ್ಟಿ ಮಾಡುವವರಿಗೆ. 'ಸೌದೆ' ಎಂಬ ಸಾಲಿನ ಮುಂದೆ ಯಾರ ಹೆಸರನ್ನೂ ಬರೆಯಬೇಡಿ. ಹೀಗೆ ಹಾಕಿ: "ಸೌದೆ ಯಾರೂ ತರಬೇಡಿ. ಕ್ಯಾಂಪ್ ಹತ್ತಿರ ಕೊಳ್ಳುತ್ತೇವೆ, ಖರ್ಚು ಎಲ್ಲರಿಗೂ ಸಮಪಾಲು. ಮೊದಲು ತಲುಪುವ ಗಾಡಿಯವರು ದಾರಿಯಲ್ಲಿ ಕೇಳಿಕೊಂಡು ತರುವುದು." ಹೊರಡುವ ಹಿಂದಿನ ದಿನ ಅದನ್ನೇ ಇನ್ನೊಮ್ಮೆ ಕಳಿಸಿ, ಏಕೆಂದರೆ ಗಾಡಿ ತುಂಬುವುದು ಅಂದು ರಾತ್ರಿ.